ಇಕೋ ಸಾಲ್ವೆಂಟ್ ಮುದ್ರಣ: ಅಗ್ಗದ ಸಾಮಗ್ರಿಯ ಆಯ್ಕೆ ಮತ್ತು ನೈಜ ವೆಚ್ಚದ ಲೆಕ್ಕ

ಜಿಲ್ಲಾ ಕೇಂದ್ರಗಳಿಂದ ತಾಲೂಕು ಕೇಂದ್ರಗಳವರೆಗೆ ಇಂದು ದೊಡ್ಡ ಅಳತೆಯ ಡಿಜಿಟಲ್ ಮುದ್ರಣ ಘಟಕಗಳಿಲ್ಲದ ಊರು ವಿರಳ. ಒಂದು ಕಾಲದಲ್ಲಿ ಕುಂಚ ಹಿಡಿದು ಅಂಗಡಿಗಳ ನಾಮಫಲಕ ಬರೆಯುತ್ತಿದ್ದ ಕಲಾವಿದರ ಪೈಕಿ ಅನೇಕರು, ಡಿಟಿಪಿ ಕೇಂದ್ರಗಳನ್ನು ನಡೆಸುತ್ತಿದ್ದವರು, ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದವರು ಬ್ಯಾಂಕಿನಿಂದ ಸಾಲ ಪಡೆದು ಈ ಉದ್ದಿಮೆಗೆ ಬಂದಿದ್ದಾರೆ. ಘಟಕಗಳು ಹೆಚ್ಚಿದಂತೆ ದರದ ಪೈಪೋಟಿಯೂ ಹೆಚ್ಚಿತು. ಗ್ರಾಹಕನು ಕೇಳುವ ಮೊದಲ ಪ್ರಶ್ನೆ "ಚದರ ಅಡಿಗೆ ಎಷ್ಟು?" ಎಂಬುದೇ ಆಗಿದೆ.

ಯಂತ್ರದ ಕಂತು, ಮಳಿಗೆಯ ಬಾಡಿಗೆ, ನಿರ್ವಾಹಕನ ಸಂಬಳ, ವಿದ್ಯುತ್ ಶುಲ್ಕ ಇವುಗಳಲ್ಲಿ ಯಾವುದನ್ನೂ ಮಾಲೀಕನು ತನ್ನ ಇಚ್ಛೆಯಂತೆ ತಗ್ಗಿಸಲಾರ. ಆದಕಾರಣ ಅವನ ದೃಷ್ಟಿ ಸಹಜವಾಗಿಯೇ ಮುದ್ರಣ ಸಾಮಗ್ರಿಯ ಮೇಲೆ ಬೀಳುತ್ತದೆ. ವಿನೈಲ್ ರೋಲಿಗೆ ಸಾವಿರ ರೂಪಾಯಿ ಕಡಿಮೆ ಹೇಳುವ ಸರಬರಾಜುದಾರನು ದೊರೆತೊಡನೆ ಲಾಭ ಹೆಚ್ಚಿತೆಂಬ ಭಾವನೆ ಮೂಡುತ್ತದೆ. ಆದರೆ ವರ್ಷಾಂತ್ಯದಲ್ಲಿ ಲಾಭ-ನಷ್ಟದ ತಖ್ತೆಯನ್ನು ಸಿದ್ಧಪಡಿಸುವಾಗ ಆ ಉಳಿತಾಯವು ಎಲ್ಲಿಯೂ ಕಾಣುವುದಿಲ್ಲ. ಇದಕ್ಕೆ ಕಾರಣವೇನು? ಅಗ್ಗದ ಸಾಮಗ್ರಿ ಯಾವಾಗ ನಿಜಕ್ಕೂ ಅಗ್ಗ, ಯಾವಾಗ ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದಂತೆ? ಈ ಪ್ರಶ್ನೆಗಳಿಗೆ ತಾಂತ್ರಿಕ ದೃಷ್ಟಿಯಿಂದಲೂ ಲೆಕ್ಕಶಾಸ್ತ್ರದ ದೃಷ್ಟಿಯಿಂದಲೂ ಉತ್ತರ ಕಂಡುಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಯಿ ಮತ್ತು ಸಾಮಗ್ರಿಯ ಸಂಬಂಧ

ಯಾವ ಸಾಮಗ್ರಿ ಕೊಳ್ಳಬೇಕೆಂದು ತೀರ್ಮಾನಿಸುವ ಮುನ್ನ ಯಂತ್ರದ ಶಾಯಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಇಕೋ ಸಾಲ್ವೆಂಟ್ ಶಾಯಿಯಲ್ಲಿ ವರ್ಣದ್ರವ್ಯದ ಸೂಕ್ಷ್ಮ ಕಣಗಳು ಸೌಮ್ಯವಾದ ದ್ರಾವಕದಲ್ಲಿ ಬೆರೆತಿರುತ್ತವೆ. ಈ ದ್ರಾವಕವು ಪಿವಿಸಿ ಹಾಳೆಯ ಮೇಲ್ಮೈಯನ್ನು ಅತ್ಯಲ್ಪ ಪ್ರಮಾಣದಲ್ಲಿ ಮೃದುಗೊಳಿಸಿ, ಬಣ್ಣವು ಅಲ್ಲಿ ಕಚ್ಚಿಕೊಳ್ಳುವಂತೆ ಮಾಡಿ, ಯಂತ್ರದ ಹೀಟರುಗಳ ಶಾಖದಿಂದ ಆವಿಯಾಗುತ್ತದೆ. ರೋಲ್ಯಾಂಡ್, ಮಿಮಾಕಿ, ಮುಟೊ, ಎಪ್ಸನ್ ಮುಂತಾದ ತಯಾರಕರ ಯಂತ್ರಗಳಲ್ಲಿಯೂ, ಎಪ್ಸನ್ ಹೆಡ್ಡುಗಳನ್ನು ಅಳವಡಿಸಿದ ಚೀನಾ ತಯಾರಿಕೆಯ ಯಂತ್ರಗಳಲ್ಲಿಯೂ ಮೂಲ ತತ್ತ್ವ ಇದೇ ಆಗಿದೆ.

ಹತ್ತು ಅಡಿ ಅಗಲದ ಫ್ಲೆಕ್ಸ್ ಯಂತ್ರಗಳಲ್ಲಿ ಬಳಸುವ ತೀಕ್ಷ್ಣ ಸಾಲ್ವೆಂಟ್ ಶಾಯಿಯು ಕಳಪೆ ಹಾಳೆಯನ್ನೂ ಕೊರೆದು ಹಿಡಿದುಕೊಳ್ಳುತ್ತದೆ. ಇಕೋ ಸಾಲ್ವೆಂಟ್ ಶಾಯಿಗೆ ಅಷ್ಟು ತೀಕ್ಷ್ಣತೆ ಇಲ್ಲ. ಆದ್ದರಿಂದಲೇ ಫ್ಲೆಕ್ಸ್ ಯಂತ್ರದಲ್ಲಿ ಚೆನ್ನಾಗಿ ಬಂದ ರೋಲು ಇಕೋ ಸಾಲ್ವೆಂಟ್ ಯಂತ್ರದಲ್ಲಿ ಬಾರದೆ ಹೋಗಬಹುದು. ಇದರಿಂದ ಎರಡು ಸೂತ್ರಗಳು ಹೊರಡುತ್ತವೆ.

ಮೊದಲನೆಯದು, ಪಿವಿಸಿ ಮೂಲದ ವಿನೈಲ್ ಮತ್ತು ಫ್ಲೆಕ್ಸ್‌ಗಳಿಗೆ ಪ್ರತ್ಯೇಕ ಲೇಪನ ಬೇಕಿಲ್ಲ. ಎರಡನೆಯದು, ಕಾಗದ, ಹತ್ತಿಯ ಕ್ಯಾನ್ವಾಸ್, ಪಾಲಿಪ್ರೊಪಿಲೀನ್ ಹಾಳೆ, ಬ್ಯಾಕ್‌ಲಿಟ್ ಪಾಲಿಯೆಸ್ಟರ್ ಫಿಲ್ಮ್ ಇವುಗಳಿಗೆ ಸಾಲ್ವೆಂಟ್ ಶಾಯಿಗೆಂದೇ ಮಾಡಿದ ಲೇಪನ ಅಗತ್ಯ. ನೀರಿನ ಮೂಲದ ಶಾಯಿಗಾಗಿ ಲೇಪಿಸಿದ ಪಾಲಿಪ್ರೊಪಿಲೀನ್ ರೋಲು ನೋಟಕ್ಕೆ ಒಂದೇ ರೀತಿ ಇದ್ದು ಬೆಲೆಯಲ್ಲಿ ಕಡಿಮೆ ಇರಬಹುದು. ಆದರೆ ಅದರ ಮೇಲೆ ಇಕೋ ಸಾಲ್ವೆಂಟ್ ಬಣ್ಣವು ಒಣಗದೆ ಕದಡುತ್ತದೆ, ಇಲ್ಲವೆ ಉಗುರಿನಿಂದ ಕೆರೆದರೆ ಏಳುತ್ತದೆ. ಬಿಲ್ಲಿನಲ್ಲಿಯೂ ಪೆಟ್ಟಿಗೆಯ ಮೇಲೆಯೂ "ಸಾಲ್ವೆಂಟ್ / ಇಕೋ ಸಾಲ್ವೆಂಟ್" ಎಂಬ ನಮೂದು ಇದೆಯೇ ಎಂದು ನೋಡುವುದು ಖರೀದಿಯ ಮೊದಲ ಹೆಜ್ಜೆ.

ಅಗ್ಗದ ರೋಲಿನಲ್ಲಿ ಕಡಿಮೆಯಾಗಿರುವುದೇನು?

ತಯಾರಕನು ಬೆಲೆಯನ್ನು ತಗ್ಗಿಸಬೇಕಾದರೆ ಯಾವುದಾದರೊಂದು ಅಂಶವನ್ನು ತಗ್ಗಿಸಲೇಬೇಕು. ಅದು ಯಾವುದೆಂದು ಅರಿತರೆ ನಮ್ಮ ಕೆಲಸಕ್ಕೆ ಅದು ಬೇಕೇ ಬೇಡವೇ ಎಂದು ನಿರ್ಣಯಿಸಬಹುದು.

ಹಾಳೆಯ ಜಾತಿ: ವಿನೈಲ್‌ಗಳಲ್ಲಿ ಮೂರು ದರ್ಜೆಗಳುಂಟು. ಮೊನೊಮೆರಿಕ್ ವಿನೈಲ್ ಸಾಮಾನ್ಯವಾಗಿ 80ರಿಂದ 100 ಮೈಕ್ರಾನ್ ದಪ್ಪವಿದ್ದು ಎಲ್ಲಕ್ಕಿಂತ ಅಗ್ಗ. ಕಾಲಕ್ರಮದಲ್ಲಿ ಇದು ಕುಗ್ಗುತ್ತದೆ. ಬಿಸಿಲಿನಲ್ಲಿ ಒಂದೆರಡು ವರ್ಷಗಳ ಬಾಳಿಕೆಯನ್ನು ಮಾತ್ರ ನಿರೀಕ್ಷಿಸಬೇಕು. ಪಾಲಿಮೆರಿಕ್ ವಿನೈಲ್ ಇದಕ್ಕಿಂತ ಸ್ಥಿರ. ಕಾಸ್ಟ್ ವಿನೈಲ್ ಸುಮಾರು 50 ಮೈಕ್ರಾನ್‌ನಷ್ಟು ತೆಳುವಾಗಿದ್ದರೂ ಅತ್ಯಂತ ದುಬಾರಿ, ಅತ್ಯಂತ ಬಾಳಿಕೆಯದು. ವಾಹನಗಳ ಉಬ್ಬುತಗ್ಗುಗಳ ಮೇಲೆ ಕೂರುವಂಥದು. ದಪ್ಪ ಹೆಚ್ಚಿದ್ದರೆ ಗುಣಮಟ್ಟವೂ ಹೆಚ್ಚೆಂಬ ನಂಬಿಕೆ ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿಂಬದಿಯ ಕಾಗದ: ವಿನೈಲಿನ ಹಿಂದಿರುವ ಸಿಲಿಕಾನ್ ಲೇಪಿತ ಕಾಗದವನ್ನು ಕೊಳ್ಳುವಾಗ ಯಾರೂ ಗಮನಿಸುವುದಿಲ್ಲ. ಅಗ್ಗದ ರೋಲಿನಲ್ಲಿ ಮೊದಲು ತೆಳುವಾಗುವುದು ಇದೇ. 120ರಿಂದ 140 ಜಿಎಸ್‌ಎಂ ತೂಕದ ಕಾಗದವು ಹೀಟರಿನ ಮೇಲೆ ಸಮತಟ್ಟಾಗಿ ನಿಲ್ಲುತ್ತದೆ. ತೆಳು ಕಾಗದವು ಶಾಖಕ್ಕೆ ಅಲೆಯಲೆಯಾಗಿ ಏಳುತ್ತದೆ, ಅಂಚು ಮಡಚಿ ಹೆಡ್ಡಿಗೆ ಉಜ್ಜುತ್ತದೆ.

ಅಂಟು: ಅಗ್ಗದ ಅಂಟು ಮೊದಲ ದಿನ ಗಟ್ಟಿಯಾಗಿ ಹಿಡಿದರೂ ಕಿತ್ತಾಗ ಗಾಜಿನ ಮೇಲೆ ಉಳಿದುಬಿಡುತ್ತದೆ. ಹಳೆಯ ಚಿತ್ರದ ಮೇಲೆ ಹೊಸದನ್ನು ಅಂಟಿಸುವ ಕೆಲಸಗಳಿಗೆ ಹಿಂಬದಿ ಬೂದು ಅಥವಾ ಕಪ್ಪು ಅಂಟಿನ ವಿನೈಲ್ ಬೇಕು. ಬಿಳಿ ಅಂಟಿನದಾದರೆ ಕೆಳಗಿನ ಅಕ್ಷರ ಕಾಣುತ್ತದೆ.

ಅಳತೆ: ಪೆಟ್ಟಿಗೆಯ ಮೇಲೆ 50 ಮೀಟರ್ ಎಂದಿದ್ದರೂ ಒಳಗೆ ಅಷ್ಟೇ ಇದೆ ಎಂಬುದಕ್ಕೆ ಖಾತರಿ ಇಲ್ಲ. ಯಂತ್ರವೇ ಓಡಿದ ಉದ್ದವನ್ನು ತೋರಿಸುವುದರಿಂದ, ಮೊದಲ ರೋಲು ಮುಗಿದಾಗ ಆ ಅಂಕಿಯನ್ನು ಬರೆದಿಡುವುದು ವೆಚ್ಚವಿಲ್ಲದ ಪರೀಕ್ಷೆ.

ಫ್ಲೆಕ್ಸ್‌ನ ವಿಷಯದಲ್ಲಿಯೂ ಇದೇ ಕ್ರಮ. ಒಳಗಿನ ಪಾಲಿಯೆಸ್ಟರ್ ನೂಲಿನ ಹೆಣಿಗೆ, ಹಾಳೆಯ ಒಟ್ಟು ತೂಕ, ಲ್ಯಾಮಿನೇಟೆಡ್ ಅಥವಾ ಕೋಟೆಡ್ ಎಂಬ ವಿಧಾನ, ಇವು ಬೆಲೆಯನ್ನು ನಿರ್ಧರಿಸುತ್ತವೆ. ಎರಡು ಪಿವಿಸಿ ಪದರಗಳ ನಡುವೆ ಬಲೆಯನ್ನಿಟ್ಟು ಒತ್ತಿದ ಲ್ಯಾಮಿನೇಟೆಡ್ ಫ್ಲೆಕ್ಸ್ ಅಗ್ಗ; ಆದರೆ ಗಾಳಿಯ ಹೊಡೆತಕ್ಕೆ ಪದರ ಬಿಡುವ ಸಂಭವವುಂಟು.

ನಿದರ್ಶನದ ಲೆಕ್ಕ

ಈಗ ವಿಷಯದ ತಿರುಳಿಗೆ ಬರೋಣ. ಕೊಂಡ ದರವು ವೆಚ್ಚವಲ್ಲ. ಮಾರಾಟಕ್ಕೆ ಯೋಗ್ಯವಾಗಿ ಹೊರಬಂದ ಪ್ರತಿ ಚದರ ಅಡಿಗೆ ತಗಲಿದ ಮೊತ್ತವೇ ವೆಚ್ಚ. 4 ಅಡಿ ಅಗಲ, 50 ಮೀಟರ್, ಅಂದರೆ 164 ಅಡಿ ಉದ್ದದ ಎರಡು ವಿನೈಲ್ ರೋಲುಗಳನ್ನು ಹೋಲಿಸೋಣ. ರೋಲು ಒಂದರ ವಿಸ್ತೀರ್ಣ 656 ಚದರ ಅಡಿ. "ಅ" ರೋಲಿನ ದರ ಚದರ ಅಡಿಗೆ ರೂ. 8, "ಆ" ರೋಲಿನದು ರೂ. 11 ಎಂದಿರಲಿ. ಈ ದರಗಳೂ ಕೆಳಗಿನ ಉಳಿದ ಊಹೆಗಳೂ ವಿವರಣೆಗಾಗಿ ಹಿಡಿದವು. ಓದುಗರು ತಮ್ಮ ಘಟಕದ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು. ಎಲ್ಲ ದರಗಳೂ ತೆರಿಗೆಯನ್ನು ಬಿಟ್ಟು.

ಊಹೆಗಳು: "ಅ" ರೋಲಿನಲ್ಲಿ ಒಂದೂವರೆ ಮೀಟರ್ ಕಡಿಮೆ ಇದೆ. ಅಂಚು, ಆರಂಭ ಮತ್ತು ಕೊನೆಯ ತುಂಡುಗಳ ನಷ್ಟ ಎರಡಕ್ಕೂ ಶೇ. 8. ಮುದ್ರಿಸಿದ ನಂತರ ಕೆಟ್ಟುಹೋಗುವ ಭಾಗ "ಅ" ರೋಲಿನಲ್ಲಿ ಶೇ. 10, "ಆ" ರೋಲಿನಲ್ಲಿ ಶೇ. 2. ಶಾಯಿ ಲೀಟರಿಗೆ ರೂ. 2,000, ಚದರ ಮೀಟರಿಗೆ 10 ಮಿಲಿಲೀಟರ್ ವ್ಯಯ, ಅಂದರೆ ಚದರ ಅಡಿಗೆ ರೂ. 1.86. ಸಂಬಳ, ವಿದ್ಯುತ್, ಬಾಡಿಗೆ, ಸವಕಳಿ ಸೇರಿ ಯಂತ್ರದ ಗಂಟೆಯ ವೆಚ್ಚ ರೂ. 400. "ಆ" ರೋಲನ್ನು 6 ಪಾಸ್‌ನಲ್ಲಿ ಗಂಟೆಗೆ 100 ಚದರ ಅಡಿ ಮುದ್ರಿಸಬಹುದು. "ಅ" ರೋಲಿನ ತೆಳು ಕಾಗದ ಸುಕ್ಕುವುದರಿಂದ ಶಾಖವನ್ನು ತಗ್ಗಿಸಬೇಕು. ತಗ್ಗಿಸಿದರೆ ಶಾಯಿ ನಿಧಾನವಾಗಿ ಒಣಗುತ್ತದೆ. ಆದ್ದರಿಂದ 8 ಪಾಸ್‌ನಲ್ಲಿ ಗಂಟೆಗೆ 75 ಚದರ ಅಡಿ ಮಾತ್ರ.

| ವಿವರ | "ಅ" ರೋಲು | "ಆ" ರೋಲು |
|---|---|---|
| ಕೊಂಡ ಬೆಲೆ (ರೂ.) | 5,248 | 7,216 |
| ವಾಸ್ತವವಾಗಿ ಬಂದದ್ದು (ಚ. ಅಡಿ) | 636 | 656 |
| ಅಂಚು, ತುಂಡು ನಷ್ಟ (ಚ. ಅಡಿ) | 51 | 52 |
| ಮುದ್ರಿಸಿದ್ದು (ಚ. ಅಡಿ) | 585 | 604 |
| ಕೆಟ್ಟದ್ದು (ಚ. ಅಡಿ) | 64 | 13 |
| ಮಾರಾಟಯೋಗ್ಯ (ಚ. ಅಡಿ) | 521 | 591 |
| ಸಾಮಗ್ರಿ ವೆಚ್ಚ, ಮಾರಾಟಯೋಗ್ಯ ಚ. ಅಡಿಗೆ (ರೂ.) | 10.07 | 12.21 |
| ಶಾಯಿ (ರೂ.) | 2.09 | 1.90 |
| ಯಂತ್ರದ ಸಮಯ (ರೂ.) | 5.99 | 4.09 |
| ಒಟ್ಟು (ರೂ.) | 18.15 | 18.20 |

ಕೊಳ್ಳುವಾಗ ಚದರ ಅಡಿಗೆ ಮೂರು ರೂಪಾಯಿಗಳಷ್ಟಿದ್ದ ಅಂತರವು ಕೆಲಸ ಮುಗಿಯುವ ವೇಳೆಗೆ ಐದು ಪೈಸೆಗೆ ಇಳಿದಿರುವುದನ್ನು ಗಮನಿಸಬೇಕು. ಕೆಟ್ಟುಹೋದ ಹಾಳೆಯ ಮೇಲೆ ಶಾಯಿಯೂ ಯಂತ್ರದ ಸಮಯವೂ ವ್ಯಯವಾಗಿರುತ್ತವೆ. ಹಾಳೆಯ ಬೆಲೆ ಮಾತ್ರ ನಷ್ಟವೆಂದು ಎಣಿಸುವುದು ಅರ್ಧ ಲೆಕ್ಕ. ಇನ್ನು ಅಂಟಿಸಿದ ಮೇಲೆ ಏಳುವ ದೂರುಗಳು ಬೇರೆ. "ಅ" ರೋಲಿನ ಮಾರಾಟದಲ್ಲಿ ಶೇ. 3ರಷ್ಟನ್ನು ಮರುಮುದ್ರಿಸಿ ಮರಳಿ ಅಂಟಿಸಬೇಕಾಯಿತೆಂದೂ, ಅದಕ್ಕೆ ಕೂಲಿ ಸೇರಿ ಚದರ ಅಡಿಗೆ ರೂ. 28 ತಗಲಿತೆಂದೂ ಭಾವಿಸಿದರೆ, ವೆಚ್ಚ ಇನ್ನೂ 84 ಪೈಸೆ ಏರಿ ರೂ. 18.99 ಆಗುತ್ತದೆ. ಹೆಡ್ಡಿಗೆ ಹಾಳೆ ಉಜ್ಜಿ ಹೆಡ್ ಕೆಟ್ಟರೆ ಗತಿಯೇನು? ಹೆಡ್ಡಿನ ಬೆಲೆ ರೂ. 60,000 ಎಂದಿದ್ದರೆ, ರೋಲಿಗೆ ರೂ. 1,968ರಂತೆ ಮೂವತ್ತು ರೋಲುಗಳಲ್ಲಿ ಉಳಿಸಿದಂತೆ ತೋರುವ ಹಣವನ್ನು ಅದೊಂದೇ ನುಂಗಿಬಿಡುತ್ತದೆ.

ಹಾಗೆಂದು ಅಗ್ಗದ ಸಾಮಗ್ರಿಯನ್ನು ಕೊಳ್ಳಲೇಬಾರದೆಂದು ಇದರ ಅರ್ಥವಲ್ಲ. ಅದೇ "ಅ" ರೋಲನ್ನು ಹಗುರ ಬಣ್ಣದ, ಅಲ್ಪಾವಧಿಯ ಕೆಲಸಗಳಿಗೆ ಮಾತ್ರ ಬಳಸಿ, 6 ಪಾಸ್‌ನಲ್ಲಿಯೇ ಓಡಿಸಿ, ಕೆಡುವ ಪ್ರಮಾಣವನ್ನು ಶೇ. 4ಕ್ಕೆ ಇಳಿಸಬಹುದಾದರೆ ಮಾರಾಟಯೋಗ್ಯ ವಿಸ್ತೀರ್ಣ 560 ಚದರ ಅಡಿಗೆ ಏರುತ್ತದೆ. ಆಗ ಸಾಮಗ್ರಿ ರೂ. 9.37, ಶಾಯಿ ರೂ. 1.94, ಸಮಯ ರೂ. 4.18, ಒಟ್ಟು ರೂ. 15.49. ಅಂದರೆ "ಆ" ರೋಲಿಗಿಂತ ರೂ. 2.71ರಷ್ಟು ನೈಜ ಉಳಿತಾಯ. ಒಂದೇ ರೋಲು ಒಂದು ಕೆಲಸದಲ್ಲಿ ಲಾಭದಾಯಕ, ಇನ್ನೊಂದರಲ್ಲಿ ನಿಷ್ಪ್ರಯೋಜಕ. ವ್ಯತ್ಯಾಸವನ್ನು ತಿಳಿಸುವುದು ನಮ್ಮ ನಷ್ಟದ ಪುಸ್ತಕ ಮಾತ್ರ. ಆದರೆ ಅನೇಕ ಘಟಕಗಳಲ್ಲಿ ಅಂಥ ಪುಸ್ತಕವೇ ಇರುವುದಿಲ್ಲ; ಕೆಟ್ಟ ತುಂಡುಗಳು ಮೂಲೆ ಸೇರುತ್ತವೆ, ಲೆಕ್ಕ ಸೇರುವುದಿಲ್ಲ.

ಅಗಲದ ಆಯ್ಕೆಯಲ್ಲಿ ಅಡಗಿರುವ ಉಳಿತಾಯ

ಗುಣಮಟ್ಟಕ್ಕೆ ಧಕ್ಕೆಯಾಗದಂತೆ ವೆಚ್ಚ ತಗ್ಗಿಸುವ ಮಾರ್ಗವೊಂದಿದೆ. ಅದು ರೋಲಿನ ಅಗಲದ ಆಯ್ಕೆ. 3 ಅಡಿ ಅಗಲ, 6 ಅಡಿ ಎತ್ತರದ ಸ್ಟ್ಯಾಂಡಿಯ ಚಿತ್ರವನ್ನು 4 ಅಡಿ ರೋಲಿನಲ್ಲಿ ಮುದ್ರಿಸಿದರೆ 24 ಚದರ ಅಡಿ ಖರ್ಚಾಗಿ 18 ಚದರ ಅಡಿಗೆ ಮಾತ್ರ ಹಣ ಬರುತ್ತದೆ. ಚದರ ಅಡಿಗೆ ರೂ. 11ರ ದರದಲ್ಲಿ ಪ್ರತಿ ಚಿತ್ರಕ್ಕೆ ರೂ. 66 ವ್ಯರ್ಥ. ತಿಂಗಳಿಗೆ ಇಂತಹ 20 ಚಿತ್ರಗಳಾದರೆ ವರ್ಷಕ್ಕೆ ರೂ. 15,840. 3 ಅಡಿಯ ರೋಲೊಂದನ್ನು ದಾಸ್ತಾನಿನಲ್ಲಿಟ್ಟರೆ, ಅಥವಾ ಉಳಿಯುವ ಒಂದು ಅಡಿ ಪಟ್ಟಿಯಲ್ಲಿ ಸಣ್ಣ ಸ್ಟಿಕರುಗಳನ್ನು ಜೋಡಿಸಿ ಮುದ್ರಿಸಿದರೆ, ಈ ನಷ್ಟವು ತಾನೇ ತಾನಾಗಿ ಕರಗುತ್ತದೆ. ಹಿಂದಿನ ಮೂರು ತಿಂಗಳ ಬಿಲ್ಲುಗಳಿಂದ ಹೆಚ್ಚಾಗಿ ಬರುವ ಅಳತೆಗಳನ್ನು ಪಟ್ಟಿ ಮಾಡಿ, ಆ ಪಟ್ಟಿಗೆ ತಕ್ಕಂತೆ ಅಗಲಗಳನ್ನು ಕೊಳ್ಳುವುದು ವಿವೇಕ.

ಕೆಲಸಕ್ಕೆ ತಕ್ಕ ಸಾಮಗ್ರಿ

ಸಾಮಗ್ರಿಯ ಬಾಳಿಕೆಯು ಕೆಲಸದ ಬಾಳಿಕೆಗೆ ಸಮನಾಗಿರಬೇಕು. ಹೆಚ್ಚಾದರೆ ಹಣ ವ್ಯರ್ಥ, ಕಡಿಮೆಯಾದರೆ ಹೆಸರು ವ್ಯರ್ಥ.

ಕೆಲವು ದಿನಗಳಿಂದ ಮೂರು ತಿಂಗಳ ಅವಧಿಯ ರಿಯಾಯಿತಿ ಮಾರಾಟದ ಚಿತ್ರ, ವಸ್ತುಪ್ರದರ್ಶನದ ಫಲಕಗಳಿಗೆ ಅಗ್ಗದ ಮೊನೊಮೆರಿಕ್ ವಿನೈಲ್ ಧಾರಾಳವಾಗಿ ಸಾಕು. ಒಳಾಂಗಣದ ಭಿತ್ತಿಚಿತ್ರಗಳಿಗೆ ಸಾಲ್ವೆಂಟ್ ಲೇಪಿತ ಪೋಸ್ಟರ್ ಕಾಗದವನ್ನೂ ಪರಿಗಣಿಸಬಹುದು. ಒಂದೆರಡು ವರ್ಷ ಉಳಿಯಬೇಕಾದ ಅಂಗಡಿಯ ಫಲಕ ಹಾಗೂ ಸನ್‌ಬೋರ್ಡ್ ಮೇಲಿನ ಕೆಲಸಗಳಿಗೆ ಮಧ್ಯಮ ದರ್ಜೆಯ ವಿನೈಲ್ ಮತ್ತು ಲ್ಯಾಮಿನೇಷನ್ ಸೂಕ್ತ. ವ್ಯಾನುಗಳ ಸಮತಟ್ಟಾದ ಪಕ್ಕಗಳಿಗೆ ಪಾಲಿಮೆರಿಕ್, ಉಬ್ಬುತಗ್ಗಿನ ವಾಹನಗಳಿಗೆ ಕಾಸ್ಟ್. ಇಲ್ಲಿ ಉಳಿತಾಯದ ಪ್ರಯತ್ನವೇ ಸಲ್ಲದು. ಗಾಜಿನ ಹೊರಮೈಗೆ ಒನ್ ವೇ ವಿಷನ್, ಒಳದೀಪದ ಫಲಕಗಳಿಗೆ ಬ್ಯಾಕ್‌ಲಿಟ್ ಸಾಮಗ್ರಿ. ಬ್ಯಾಕ್‌ಲಿಟ್ ಕೆಲಸಗಳಲ್ಲಿ ಬಣ್ಣ ಗಾಢವಾಗಿರಬೇಕಾದ್ದರಿಂದ ಶಾಯಿಯ ವ್ಯಯ ಹೆಚ್ಚೆಂಬುದನ್ನು ದರ ಹೇಳುವಾಗ ಮರೆಯಬಾರದು.

ಲ್ಯಾಮಿನೇಷನ್ ಕುರಿತು ಒಂದು ಮಾತು. ಮುದ್ರಿಸಿದ ವಿನೈಲ್ ಮುಟ್ಟಲು ಒಣಗಿದಂತೆ ತೋರಿದರೂ ಒಳಗೆ ದ್ರಾವಕದ ಅಂಶ ಉಳಿದಿರುತ್ತದೆ. ಕನಿಷ್ಠ 24 ಗಂಟೆಗಳ ಕಾಲ ಸಡಿಲವಾಗಿ ಬಿಟ್ಟು ನಂತರ ಲ್ಯಾಮಿನೇಟ್ ಮಾಡುವುದು ಕ್ಷೇಮ. ಅವಸರದಲ್ಲಿ ಮುಚ್ಚಿದರೆ ದ್ರಾವಕವು ಅಂಟನ್ನು ಮೆತ್ತಗಾಗಿಸಿ ಅಂಚುಗಳು ಏಳುತ್ತವೆ. ಇಂತಹ ಸಂದರ್ಭದಲ್ಲಿ ದೋಷವನ್ನು ವಿನೈಲಿನ ಮೇಲೆ ಹೊರಿಸಿ ಸರಬರಾಜುದಾರನನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ.

ಕಾನೂನಿನ ಅಂಶವೂ ಆಯ್ಕೆಯ ಭಾಗವೇ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯು ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್ ಹಾಗೂ ಫ್ಲೆಕ್ಸ್‌ಗಳನ್ನು ದಪ್ಪದ ಭೇದವಿಲ್ಲದೆ ನಿಷೇಧಿಸಿತು. ಕೇಂದ್ರದ ತಿದ್ದುಪಡಿ ನಿಯಮಗಳ ಪ್ರಕಾರ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳು ದೇಶಾದ್ಯಂತ ನಿಷಿದ್ಧ. ಬೆಂಗಳೂರಿನಲ್ಲಿ 2018ರಲ್ಲಿ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಅಂದಿನ ಬಿಬಿಎಂಪಿ ಕೈಗೊಂಡ ತೆರವು ಕಾರ್ಯಾಚರಣೆಯನ್ನು ಸದಸ್ಯರು ಬಲ್ಲರು. ಹೀಗಿರುವಾಗ ಅಗ್ಗವೆಂದು ಫ್ಲೆಕ್ಸ್ ರೋಲುಗಳನ್ನು ರಾಶಿ ಹಾಕುವುದು ಬಂಡವಾಳವನ್ನು ಅಪಾಯಕ್ಕೆ ಒಡ್ಡಿದಂತೆ. ಬಟ್ಟೆಯ ಬ್ಯಾನರಿಗೆ ಬೇಡಿಕೆ ಬಂದಲ್ಲಿ ಸಾಲ್ವೆಂಟ್ ಲೇಪಿತ ಬಟ್ಟೆಯನ್ನೇ ಕೊಳ್ಳಬೇಕು. ಲೇಪನವಿಲ್ಲದ ಹತ್ತಿ ಬಟ್ಟೆ ಶಾಯಿಯನ್ನು ಹೀರಿ ಬಣ್ಣವನ್ನು ಹರಡುತ್ತದೆ. ಅದರ ಎಳೆಗಳು ಹೆಡ್ಡಿಗೆ ಮಾರಕ.

ಮಾದರಿಯ ಪರೀಕ್ಷೆ

ಹೊಸ ಸಾಮಗ್ರಿಯನ್ನು ಒಮ್ಮೆಲೇ ಹತ್ತು ರೋಲು ಕೊಳ್ಳದೆ, ಒಂದೆರಡು ಮೀಟರ್ ಮಾದರಿಯನ್ನಾಗಲಿ ಒಂದು ರೋಲನ್ನಾಗಲಿ ತರಿಸಿ ಈ ಕೆಳಕಂಡ ಪರೀಕ್ಷೆಗಳಿಗೆ ಒಳಪಡಿಸುವುದು ಉಚಿತ.

1. ಒಂದು ಚದರ ಮೀಟರ್ ತುಂಡನ್ನು ತೂಗಿ, ನಂತರ ಹಿಂಬದಿ ಕಾಗದವನ್ನು ಬೇರ್ಪಡಿಸಿ ಕಾಗದವನ್ನೇ ತೂಗಬೇಕು. ಗ್ರಾಮ್‌ಗಳಲ್ಲಿ ಬಂದ ತೂಕವೇ ಅದರ ಜಿಎಸ್‌ಎಂ.

2. ಹೀಟರುಗಳನ್ನು ನಿತ್ಯದ ಶಾಖದಲ್ಲಿಟ್ಟು, ಮುದ್ರಿಸದೆ ಎರಡು ಮೀಟರ್ ಓಡಿಸಿ ನೋಡಬೇಕು. ಅಲೆ ಎದ್ದರೆ ಅಥವಾ ಹಾಳೆ ಪಕ್ಕಕ್ಕೆ ಸರಿದರೆ ಅಲ್ಲಿಯೇ ನಿಲ್ಲಿಸಬೇಕು.

3. ಗಾಢ ಕಪ್ಪು, ಕೆಂಪು, ನೀಲಿ ಪಟ್ಟಿಗಳನ್ನೂ ಚರ್ಮದ ಬಣ್ಣವನ್ನೂ ಸಣ್ಣ ಅಕ್ಷರಗಳನ್ನೂ ಒಳಗೊಂಡ ಒಂದೇ ಚಿತ್ರವನ್ನು ಹಳೆಯ ಮತ್ತು ಹೊಸ ಹಾಳೆಗಳೆರಡರ ಮೇಲೂ ಮುದ್ರಿಸಿ ಹೋಲಿಸಬೇಕು. ಬಣ್ಣದ ವ್ಯತ್ಯಾಸ ಅಲ್ಪವಾದರೆ ಐಸಿಸಿ ಪ್ರೊಫೈಲ್ ಬದಲಿಸಿ ಸರಿಪಡಿಸಬಹುದು. ಶಾಯಿ ಗುಂಪುಗೂಡಿ ಮಚ್ಚೆಯಾಗುತ್ತಿದ್ದರೆ ಶಾಯಿಯ ಮಿತಿಯನ್ನು ತಗ್ಗಿಸಿ ನೋಡಬೇಕು. ಆಗಲೂ ಸರಿಯಾಗದಿದ್ದರೆ ಅದು ಹಾಳೆಯ ದೋಷ.

4. 24 ಗಂಟೆಗಳ ನಂತರ ಉಗುರಿನಿಂದ ಕೆರೆದು, ಅಂಟುಪಟ್ಟಿ ಹಚ್ಚಿ ಎಳೆದು ನೋಡಬೇಕು.

5. ಗಾಜಿನ ಮೇಲೆ ಅಂಟಿಸಿ ಬ್ಲೇಡಿನಿಂದ ಅಡ್ಡ-ಉದ್ದ ಕೊಯ್ದು ಬಿಸಿಲಿನಲ್ಲಿಡಬೇಕು. ದಿನ ಕಳೆದಂತೆ ಕೊಯ್ದ ಗೆರೆ ಅಗಲವಾದರೆ ಹಾಳೆ ಕುಗ್ಗುತ್ತಿದೆ ಎಂದರ್ಥ.

6. ಇನ್ನೊಂದು ತುಂಡಿನ ಅರ್ಧ ಭಾಗವನ್ನು ಮುಚ್ಚಿ ಒಂದು ತಿಂಗಳು ತಾರಸಿಯ ಮೇಲಿಟ್ಟರೆ ಬಣ್ಣ ಮಾಸುವ ಪ್ರಮಾಣ ತಿಳಿಯುತ್ತದೆ. ನಂತರ ಕಿತ್ತು ಅಂಟು ಉಳಿಯುವುದೇ ಎಂದೂ ನೋಡಬಹುದು.

ಪರೀಕ್ಷೆಯ ಕಾಲದಲ್ಲಿ ಒಂದನ್ನೇ ಬದಲಿಸಬೇಕು. ಹೊಸ ಹಾಳೆಯನ್ನೂ ಹೊಸ ಶಾಯಿಯನ್ನೂ ಏಕಕಾಲಕ್ಕೆ ತಂದರೆ ದೋಷ ಯಾವುದರದೆಂದು ಗೊತ್ತಾಗುವುದಿಲ್ಲ. ಮಾದರಿ ಒಪ್ಪಿಗೆಯಾದ ಮೇಲೆ ಅದರ ತುಂಡಿನ ಹಿಂದೆ ಬ್ಯಾಚ್ ಸಂಖ್ಯೆ, ದಿನಾಂಕ, ಶಾಖ, ಪಾಸ್‌ಗಳನ್ನು ಬರೆದು ಕಡತದಲ್ಲಿಡಬೇಕು. ಮುಂದಿನ ಸರಕು ಮಾದರಿಯಂತಿಲ್ಲದಿದ್ದಲ್ಲಿ ಮರಳಿಸಲು ಇದೇ ಆಧಾರ.

ದಾಸ್ತಾನು

ಹೆಚ್ಚು ರೋಲು ಕೊಂಡರೆ ರಿಯಾಯಿತಿ ದೊರೆಯುತ್ತದೆ ನಿಜ. ಆದರೆ ಅಂಟು ಇರುವ ಸಾಮಗ್ರಿಗೆ ಆಯುಷ್ಯವುಂಟು. ಕರಾವಳಿಯ ಮಳೆಗಾಲದಲ್ಲಿ ಹಿಂಬದಿ ಕಾಗದವು ತೇವವನ್ನು ಹೀರಿ ಅಂಚುಗಳು ಅಲೆಯಾಗುತ್ತವೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ರೋಲಿನ ಅಂಟು ಮೆತ್ತಗಾಗುತ್ತದೆ. ರೋಲುಗಳನ್ನು ಪೆಟ್ಟಿಗೆಯಲ್ಲಿಯೇ, ನೆಲದಿಂದ ಮೇಲೆ, ಬಿಸಿಲು ತಾಕದಂತೆ ಇಟ್ಟು, ಬಳಸುವ ಹಿಂದಿನ ದಿನವೇ ಯಂತ್ರದ ಕೋಣೆಗೆ ತಂದಿಡುವುದು ಒಳಿತು. ಮೊದಲು ಬಂದದ್ದು ಮೊದಲು ಹೊರಹೋಗಬೇಕು.

ಲೆಕ್ಕದಲ್ಲಿಯೂ ದಾಸ್ತಾನಿಗೆ ಲೆಕ್ಕಶಾಸ್ತ್ರ ಮಾನಕಗಳ ಶಿಸ್ತು ಬೇಕು. ಲೆಕ್ಕಶಾಸ್ತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಅದರ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅಸಹಜ ಪ್ರಮಾಣದ ಪೋಲು ದಾಸ್ತಾನಿನ ವೆಚ್ಚದಲ್ಲಿ ಸೇರದೆ ಆ ಅವಧಿಯ ಖರ್ಚಾಗುತ್ತದೆ. ಅಂಟು ಸತ್ತ ರೋಲನ್ನು ಪೂರ್ಣ ಬೆಲೆಗೆ ತೋರಿಸಿದ ಆಢಾವೆ ಪತ್ರಿಕೆಯು ಬ್ಯಾಂಕನ್ನು ಮಾತ್ರವಲ್ಲ, ಮಾಲೀಕನನ್ನೂ ದಾರಿ ತಪ್ಪಿಸುತ್ತದೆ.

ಬಿಲ್ಲು, ತೆರಿಗೆ ಮತ್ತು ಸಾಲದ ಅವಧಿ

ಸ್ವಯಂ ಅಂಟುವ ವಿನೈಲಿನ ಮೇಲೆ ಶೇ. 18ರ ಜಿಎಸ್‌ಟಿ ಇದೆ. ಮುದ್ರಣ ಶಾಯಿಯ ದರವೂ 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತು. ರೂ. 8ರ ಹಾಳೆಗೆ ಬಿಲ್ಲಿನೊಡನೆ ರೂ. 9.44 ಕೊಡಬೇಕು. ಬಿಲ್ಲಿಲ್ಲದೆ ರೂ. 8.75ಕ್ಕೆ ಕೊಡುವೆನೆಂದು ಒಬ್ಬನು ಹೇಳಿದರೆ 69 ಪೈಸೆ ಉಳಿದಂತೆ ಕಾಣುತ್ತದೆ. ಆದರೆ ಸಾಮಾನ್ಯ ನೋಂದಣಿ ಪಡೆದ ಉದ್ದಿಮೆದಾರನಿಗೆ ರೂ. 1.44 ಹೂಡುವಳಿ ತೆರಿಗೆಯಾಗಿ ಮರಳಿ ದೊರೆಯುವುದರಿಂದ ಅವನ ನೈಜ ವೆಚ್ಚ ರೂ. 8 ಮಾತ್ರ. ಬಿಲ್ಲಿಲ್ಲದ ಸರಕು 75 ಪೈಸೆ ದುಬಾರಿ; ಜೊತೆಗೆ ಖರ್ಚಿಗೆ ದಾಖಲೆಯಿಲ್ಲ, ದೋಷವಿದ್ದರೆ ಮರಳಿಸುವ ಹಕ್ಕಿಲ್ಲ, ಕಾನೂನಿನ ಭಯ ಬೇರೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೂಡುವಳಿ ತೆರಿಗೆ ದೊರೆಯದಾದ್ದರಿಂದ ಅವರು ತೆರಿಗೆಯನ್ನೂ ವೆಚ್ಚಕ್ಕೆ ಸೇರಿಸಿ ಹೋಲಿಸಬೇಕು.

ಸರಬರಾಜುದಾರನು ತನ್ನ ವಿವರಪಟ್ಟಿಯನ್ನು ಸಲ್ಲಿಸಿ, ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲು ಕಾಣಿಸಿಕೊಂಡರೆ ಮಾತ್ರ ಈ ತೆರಿಗೆಯನ್ನು ಪಡೆಯಬಹುದು. 180 ದಿನಗಳೊಳಗೆ ಅವನಿಗೆ ಹಣ ಪಾವತಿಸದಿದ್ದರೆ ಪಡೆದುದನ್ನು ಹಿಂದಿರುಗಿಸಬೇಕು. ಆದ್ದರಿಂದ ಸರಬರಾಜುದಾರನ ಶಿಸ್ತು ಸಹ ಸಾಮಗ್ರಿಯ ಗುಣಮಟ್ಟದ ಒಂದು ಭಾಗವೇ ಸರಿ.

ಸಾಲದ ವಿಷಯ. 60 ದಿನಗಳ ಉದ್ದರಿ, ಅಥವಾ ಕೂಡಲೇ ಪಾವತಿಸಿದರೆ ಶೇ. 2 ಸೋಡಿ ಎಂಬ ಆಯ್ಕೆ ಇದ್ದಾಗ, ಉದ್ದರಿಯನ್ನು ಆರಿಸುವವನು 98 ರೂಪಾಯಿಗಳನ್ನು 60 ದಿನ ಬಳಸಲು 2 ರೂಪಾಯಿ ಕೊಡುತ್ತಾನೆ. ಇದು ವಾರ್ಷಿಕ ಶೇ. 12.4ರ ಬಡ್ಡಿಗೆ ಸಮ. ಬ್ಯಾಂಕಿನ ಓವರ್‌ಡ್ರಾಫ್ಟ್ ದರ ಇದಕ್ಕಿಂತ ಕಡಿಮೆಯಿದ್ದರೆ ಸೋಡಿ ಪಡೆಯುವುದೇ ಲಾಭ. ಹೆಚ್ಚಿದ್ದರೆ ಉದ್ದರಿಯೇ ಲೇಸು.

ಅಂತೆಯೇ ನಮಗೆ ಬರಬೇಕಾದ ಹಣದ ಬಗೆಗೂ ಎಚ್ಚರ ಬೇಕು. ಸಾಮಗ್ರಿಯಲ್ಲಿ ಪೈಸೆ ಪೈಸೆ ಉಳಿಸಿ, ದೊಡ್ಡ ಗ್ರಾಹಕರ ಬಳಿ ಆರು ತಿಂಗಳು ಹಣ ಬಿಡುವುದು ವಿಪರ್ಯಾಸ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯನ್ವಯ, ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಹಾಗೂ ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ಅವಧಿ ಮೀರಿದ ಮೊತ್ತವನ್ನು ಖರೀದಿದಾರನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದೆಂಬ ನಿಯಮವು 2024-25ರ ಕರನಿರ್ಧಾರಣಾ ವರ್ಷದಿಂದ ಜಾರಿಗೆ ಬಂದಿತು. ಮುದ್ರಣ ಘಟಕಗಳು ಉದ್ಯಮ್ ಸಂಖ್ಯೆಯನ್ನು ಪ್ರತಿಯೊಂದು ಬಿಲ್ಲಿನಲ್ಲಿಯೂ ನಮೂದಿಸುವುದು ಇದೇ ಕಾರಣಕ್ಕಾಗಿ ಅಗತ್ಯ.

ಉಪಸಂಹಾರ

ಮೇಲ್ಕಂಡ ಚರ್ಚೆಯಿಂದ ಹೊರಡುವ ಕಾರ್ಯಕ್ರಮ ಸರಳವಾದುದು. ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು, ಪ್ರತಿ ರೋಲಿಗೆ ಒಂದು ಪುಟದಂತೆ, ಬ್ಯಾಚ್ ಸಂಖ್ಯೆ, ಬೆಲೆ, ಬಂದ ಉದ್ದ, ಬಿಲ್ಲಾದ ವಿಸ್ತೀರ್ಣ, ಕೆಟ್ಟ ವಿಸ್ತೀರ್ಣ ಮತ್ತು ಕೆಡಲು ಕಾರಣ ಇವಿಷ್ಟನ್ನು ನಿರ್ವಾಹಕನಿಂದ ಬರೆಯಿಸಬೇಕು. ಮೂರು ತಿಂಗಳ ಪುಟಗಳು ತುಂಬಿದ ಮೇಲೆ, ಬಂದ ಉದ್ದವನ್ನು ಬಿಲ್ಲಾದ ವಿಸ್ತೀರ್ಣದೊಡನೆ ಹೋಲಿಸಿ ಮೇಲಿನ ಕೋಷ್ಟಕವನ್ನು ತಮ್ಮದೇ ಅಂಕಿಗಳಿಂದ ಭರ್ತಿ ಮಾಡಬೇಕು. ಆಗ ಅಲ್ಪಾವಧಿ ಕೆಲಸಗಳಿಗೆ ಒಂದು ಅಗ್ಗದ ರೋಲು, ನಿತ್ಯದ ಕೆಲಸಗಳಿಗೆ ಒಂದು ಮಧ್ಯಮ ರೋಲು, ಬಾಳಿಕೆಯ ಕೆಲಸಗಳಿಗೆ ಆದೇಶ ಬಂದಾಗ ತರಿಸುವ ಉತ್ತಮ ರೋಲು ಎಂಬ ವಿಂಗಡಣೆ ತಾನಾಗಿ ರೂಪುಗೊಳ್ಳುತ್ತದೆ.

ಗ್ರಾಹಕನಿಗೂ ಒಂದೇ ದರದ ಬದಲು ಬಾಳಿಕೆಯ ಅವಧಿಯನ್ನು ನಮೂದಿಸಿದ ಎರಡು ಮೂರು ದರಗಳನ್ನು ಲಿಖಿತವಾಗಿ ನೀಡಿದರೆ, ಪಕ್ಕದ ಬೀದಿಯವನು ಒಂದು ರೂಪಾಯಿ ಕಡಿಮೆ ಹೇಳಿದಾಗ ವಿವರಿಸಲು ನಮ್ಮ ಬಳಿ ಉತ್ತರವಿರುತ್ತದೆ. ದರವನ್ನು ಇಳಿಸುವ ಮುನ್ನ ವೆಚ್ಚವನ್ನು ಅರಿಯುವ ಉದ್ದಿಮೆದಾರನೇ ಪೈಪೋಟಿಯಲ್ಲಿ ಉಳಿಯುತ್ತಾನೆ. ಸದಸ್ಯರು ಈ ತಿಂಗಳಿನಿಂದಲೇ ಆ ಪುಸ್ತಕವನ್ನು ತೆರೆಯುವರೆಂದು ಆಶಿಸೋಣ.